ಕಂಪನಿ ಮುಚ್ಚಲ್ಲ, ಸರಿ. ಷೇರು?

ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ ಭಾನುವಾರ ಫೋನ್ ಮಾಡಿದರೆ ಮೊದಲು ಊರಿನ ಮಳೆ, ಆಮೇಲೆ ಅಮ್ಮನ ಮಂಡಿನೋವು, ಕೊನೆಗೆ ಷೇರು. ಹೋದ ಸಲ ಮೊದಲೆರಡನ್ನೂ ಬಿಟ್ಟು ನೇರ ಮೂರನೆಯದಕ್ಕೇ ಬಂದರು. ‘ಅಲ್ಲಯ್ಯಾ, ಎರಡು ಡಾಲರಿಗೆ ಸಿಗ್ತಿದೆ. ನಮ್ಮ ಬೀದೀಲಿ ಅರ್ಧ ಮನೆಗೆ ಅವರದ್ದೇ ಇಂಟರ್ನೆಟ್ಟು. ಇಷ್ಟು ದೊಡ್ಡ ಕಂಪನಿ ಮುಚ್ಚಿಬಿಡುತ್ತಾ?’

‘ಮುಚ್ಚಲ್ಲ ಭಾವ’ ಅಂದೆ.

‘ಮತ್ತೆ?’

ಆ ‘ಮತ್ತೆ’ಗೆ ಫೋನಿನಲ್ಲಿ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿರುವುದು ಅದನ್ನೇ.

ಅವರ ಕಣ್ಣು ಬಿದ್ದಿದ್ದು ಆಪ್ಟಿಮಮ್ ಕಮ್ಯುನಿಕೇಷನ್ಸ್ ಮೇಲೆ. 2025ರ ನವೆಂಬರಿನವರೆಗೆ ಇದರ ಹೆಸರು ಆಲ್ಟೀಸ್ ಯುಎಸ್‌ಎ. ಫ್ರಾನ್ಸಿನ ಉದ್ಯಮಿ ಪ್ಯಾಟ್ರಿಕ್ ಡ್ರಾಹಿ ಅಮೆರಿಕದಲ್ಲಿ ಮೊದಲು ಸಡನ್‌ಲಿಂಕ್ ಎಂಬ ಕೇಬಲ್ ಕಂಪನಿಯನ್ನೂ 2016ರಲ್ಲಿ ನ್ಯೂಯಾರ್ಕ್ ಭಾಗದ ಕೇಬಲ್‌ವಿಷನ್ ಅನ್ನೂ ಕೊಂಡು ಕಟ್ಟಿದ ಸಂಸ್ಥೆ. ಕೇಬಲ್‌ವಿಷನ್ ಒಂದಕ್ಕೇ, ಅದರ ಸಾಲವೂ ಸೇರಿ, 1,770 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. ಕೊಂಡಿದ್ದು ಬಹುಪಾಲು ಸಾಲದ ದುಡ್ಡಿನಲ್ಲಿ. 2017ರ ಜೂನ್‌ನಲ್ಲಿ ಷೇರನ್ನು 30 ಡಾಲರಿನಂತೆ ಮಾರುಕಟ್ಟೆಗೆ ಬಿಟ್ಟರು. 2025ರಲ್ಲಿ ಅದೇ ಷೇರು ಬಹುಕಾಲ ಎರಡರಿಂದ ಮೂರು ಡಾಲರ್ ನಡುವೆ ಓಲಾಡುತ್ತಿತ್ತು. 21 ರಾಜ್ಯಗಳಲ್ಲಿ ತಂತಿ, ನಲವತ್ತು ಲಕ್ಷಕ್ಕೂ ಮೇಲ್ಪಟ್ಟು ಬ್ರಾಡ್‌ಬ್ಯಾಂಡ್ ಗ್ರಾಹಕರು. ತಲೆಯ ಮೇಲೆ ಸುಮಾರು 2,500 ಕೋಟಿ ಡಾಲರ್ ಸಾಲ. ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಸ್ವಲ್ಪ ಲೆಕ್ಕ ಮಾಡೋಣ. ಷೇರುಗಳ ಒಟ್ಟು ಸಂಖ್ಯೆ ಹತ್ತಿರ ಹತ್ತಿರ 47 ಕೋಟಿ. ತಲಾ ಎರಡು ಡಾಲರ್ ಅಂದರೆ ಎಲ್ಲ ಷೇರೂ ಸೇರಿ 94 ಕೋಟಿ ಡಾಲರ್. ಸಾಲ 2,500, ಷೇರು 94. ಎರಡೂ ಕೂಡಿದರೆ 2,594. ಇಡೀ ಕಂಪನಿಗೆ ಮಾರುಕಟ್ಟೆ ಕಟ್ಟುತ್ತಿರುವ ಬೆಲೆ ಇದು.

ಇದನ್ನು ನಮ್ಮ ಗೃಹಸಾಲದ ಭಾಷೆಗೆ ಇಳಿಸಿದರೆ ಚಿತ್ರ ತಿಳಿಯಾಗುತ್ತದೆ. ಮನೆಯ ಬೆಲೆ ಒಂದು ಕೋಟಿ, ಬ್ಯಾಂಕಿಗೆ ಬಾಕಿ 96 ಲಕ್ಷ. ನಿಮ್ಮದು ಅಂತ ಇರುವುದು 4 ಲಕ್ಷ. ಬಡಾವಣೆಯಲ್ಲಿ ರೇಟು ಶೇ 5ರಷ್ಟು ಏರಿದರೆ ನಿಮ್ಮ 4 ಲಕ್ಷ 9 ಲಕ್ಷವಾಗುತ್ತದೆ. ಶೇ 4ರಷ್ಟು ಇಳಿದರೆ ಮನೆ ಪೂರ್ತಿ ಬ್ಯಾಂಕಿನದು. ಗೋಡೆ, ಬಾಗಿಲು, ತೆಂಗಿನ ಮರ ಎಲ್ಲ ಇದ್ದಲ್ಲೇ ಇರುತ್ತವೆ. ನೀವು ಇರುವುದಿಲ್ಲ, ಅಷ್ಟೇ.

ಆಪ್ಟಿಮಮ್ ಕತೆಯೂ ಇದೇ. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ 2024ರಲ್ಲಿ ಸುಮಾರು 340 ಕೋಟಿ ಡಾಲರ್. 2,594 ಅಂದರೆ ಅದರ ಏಳೂಮುಕ್ಕಾಲು ಪಟ್ಟಿಗೆ ತುಸು ಕಡಿಮೆ. ನಾಳೆ ಯಾರೋ ಬಂದು ಎಂಟು ಪಟ್ಟು ಕೊಡುತ್ತೇನೆ ಎಂದರೆ ಕಂಪನಿಯ ಬೆಲೆ 2,720 ಆಗುತ್ತದೆ. ಸಾಲ ತೀರಿಸಿ ಉಳಿಯುವುದು 220, ಷೇರಿಗೆ ನಾಲ್ಕೂವರೆ ಡಾಲರಿಗೂ ಮೇಲೆ. ಹಾಕಿದ ದುಡ್ಡು ಎರಡು ಪಟ್ಟಿಗೂ ಹೆಚ್ಚಾಯಿತು. ಇಲ್ಲ, 7.3 ಪಟ್ಟು ಸಾಕು ಎಂದರೆ 2,482. ಸಾಲಕ್ಕೇ ಸಾಲದು, ಷೇರಿನವರಿಗೆ ಎಲ್ಲಿಂದ ಬರಬೇಕು?

ಕಂಪನಿಯ ಬೆಲೆಯಲ್ಲಿ ನಾಲ್ಕೈದು ಪರ್ಸೆಂಟ್ ಅತ್ತಿತ್ತ ಆದರೆ ಷೇರು ಒಂದೋ ದುಪ್ಪಟ್ಟು, ಇಲ್ಲವೇ ಸೊನ್ನೆ. ಇಂಥ ಷೇರು ಒಂದೇ ದಿನ ಶೇ 20, 30 ಜಿಗಿಯುವುದರಲ್ಲಿ ಪವಾಡವೇನಿಲ್ಲ. 2024ರ ಫೆಬ್ರುವರಿಯಲ್ಲಿ ಚಾರ್ಟರ್ ಎಂಬ ದೊಡ್ಡ ಕೇಬಲ್ ಕಂಪನಿ ಇದನ್ನು ಕೊಳ್ಳುವ ಯೋಚನೆಯಲ್ಲಿದೆ ಎಂದು ಸುದ್ದಿ ಬಂತು, ಷೇರು ನೆಗೆಯಿತು. ವ್ಯಾಪಾರ ಕುದುರಲಿಲ್ಲ, ಷೇರು ಮತ್ತೆ ಕೂತಿತು. ಆ ಒಂದು ನೆಗೆತ ಕಂಡವರು ಇನ್ನೊಂದಕ್ಕೆ ಕಾಯುತ್ತಾ ಇರುತ್ತಾರೆ. ಕೊಂಡ ದುಡ್ಡಿಗಿಂತ ಹೆಚ್ಚು ಹೋಗುವುದಿಲ್ಲ, ಬಂದರೆ ಬಂಪರ್. ಲಾಟರಿ ಟಿಕೆಟ್ಟಿಗೆ ಇರಬೇಕಾದ ಲಕ್ಷಣಗಳೆಲ್ಲ ಇವೆ, ಕೊನೆಯ ದಿನಾಂಕವೂ ಸೇರಿದಂತೆ. 2027ರಿಂದಾಚೆಗೆ ಒಂದೊಂದೇ ಸಾಲದ ಗಡುವು ಬರುತ್ತದೆ.

ಗೃಹಸಾಲದ ಹೋಲಿಕೆಯಲ್ಲಿ ಒಂದು ವಿಷಯ ಬಿಟ್ಟುಹೋಯಿತು. ಈ ಬಡಾವಣೆಯಲ್ಲಿ ರೇಟು ಇಳಿಯುತ್ತಲೇ ಇದೆ. 2021ರಲ್ಲಿ ಸುಮಾರು 440 ಕೋಟಿ ಡಾಲರ್ ಇದ್ದ ಲಾಭ ಮೂರೇ ವರ್ಷದಲ್ಲಿ 340ಕ್ಕೆ ಬಂದಿದೆ. ಟಿವಿ ಗ್ರಾಹಕರು ಹೋಗಿ ಎಷ್ಟೋ ಕಾಲವಾಯಿತು, ಈಗ ಇಂಟರ್ನೆಟ್ ಗ್ರಾಹಕರೂ ಜಾರುತ್ತಿದ್ದಾರೆ. ಒಂದು ಕಡೆ ವೆರೈಝನ್‌ನ ಫೈಬರ್, ಇನ್ನೊಂದು ಕಡೆ ಕಿಟಕಿ ಪಕ್ಕ ಒಂದು ಡಬ್ಬ ಇಟ್ಟರೆ ಸಾಕೆನ್ನುವ ಟಿ-ಮೊಬೈಲ್‌ನ 5ಜಿ ಹೋಮ್ ಇಂಟರ್ನೆಟ್. ಕಡಿಮೆ ಆದಾಯದ ಮನೆಗಳಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುತ್ತಿದ್ದ ಬ್ರಾಡ್‌ಬ್ಯಾಂಡ್ ಸಹಾಯಧನವೂ 2024ರ ಜೂನ್ ಹೊತ್ತಿಗೆ ನಿಂತಿತು. ಸಾಲ ಮಾತ್ರ ಕರಗಿಲ್ಲ. ಬಡ್ಡಿಗೇ ವರ್ಷಕ್ಕೆ 175 ಕೋಟಿ ಡಾಲರಿನಷ್ಟು ಹೋಗುತ್ತದೆ. ಉಳಿದದ್ದರಲ್ಲಿ ಹಳೆ ತಂತಿ ತೆಗೆದು ಫೈಬರ್ ಹಾಕಬೇಕು.

ಕೇಬಲ್ ಧಂದೆಗೂ ಸಾಲಕ್ಕೂ ಹಳೆಯ ನಂಟು. ಒಮ್ಮೆ ಬೀದಿಗೆ ತಂತಿ ಎಳೆದರೆ ತಿಂಗಳು ತಿಂಗಳು ಬಿಲ್ ಬರುತ್ತದೆ, ಅದೇ ಬೀದಿಗೆ ಇನ್ನೊಬ್ಬ ಬರುವುದು ಅಪರೂಪ. ಬಾಡಿಗೆ ಬರುವ ಮಳಿಗೆ ತೋರಿಸಿದರೆ ಸಾಲ ಕೊಡುವವರಿಗೆ ಏನು ಭಯ? ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಬೇರೆ. ಟಿಸಿಐ ಎಂಬ ಕೇಬಲ್ ಕಂಪನಿಯ ಜಾನ್ ಮಲೋನ್ ಈ ಲೆಕ್ಕಾಚಾರವನ್ನೇ ಒಂದು ಕಲೆ ಮಾಡಿದ ಮನುಷ್ಯ. ಕಾಗದದ ಮೇಲೆ ನಷ್ಟ ತೋರಿಸು, ತೆರಿಗೆ ಉಳಿಸು, ಸಾಲ ತಂದು ಪಕ್ಕದ ಕಂಪನಿ ಕೊಳ್ಳು, ಆ ಕಂಪನಿಯ ಬಿಲ್ಲಿನ ದುಡ್ಡು ತೋರಿಸಿ ಮತ್ತೆ ಸಾಲ ತಗೋ. ಅದೇ ಬೀದಿಗೆ ಇನ್ನೊಬ್ಬ ಬರದಿರುವವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ.

ಭಾವನಿಗೆ ಹೇಳಬೇಕಾಗಿದ್ದ ನಿಜವಾದ ಕತೆ 2009ರದ್ದು, ಅದೇ ಚಾರ್ಟರ್ ಕಂಪನಿಯದ್ದು. ಮೈಕ್ರೋಸಾಫ್ಟ್ ಸ್ಥಾಪಕರಲ್ಲಿ ಒಬ್ಬರಾದ ಪಾಲ್ ಆಲೆನ್ 1998ರಲ್ಲಿ ಚಾರ್ಟರ್ ಅನ್ನು ಕೊಂಡರು. ಮರುವರ್ಷ ನವೆಂಬರಿನಲ್ಲಿ 19 ಡಾಲರಿಗೆ ಷೇರು ಬಿಟ್ಟರು. ಊರೂರಿನ ಕೇಬಲ್ ಕಂಪನಿಗಳನ್ನು ಸಾಲದಲ್ಲಿ ಕೊಳ್ಳುತ್ತಾ ಹೋದರು. 2008ರ ಕೊನೆಗೆ ಷೇರು ಸೆಂಟುಗಳ ಲೆಕ್ಕಕ್ಕೆ ಇಳಿದಿತ್ತು, ಸಾಲ 2,170 ಕೋಟಿ ಡಾಲರ್ ಆಗಿತ್ತು. ಸೆಂಟುಗಳಿಗೆ ಸಿಕ್ಕಾಗಲೇ ಜನ ಮುಗಿಬಿದ್ದರು. ಅವರ ವಾದ ನಮ್ಮ ಭಾವನದ್ದೇ: ಐವತ್ತು ಲಕ್ಷ ಮನೆಗೆ ತಂತಿ ಹೋಗಿದೆ, ಪಾಲ್ ಆಲೆನ್‌ನಂಥ ಕುಬೇರ ಬೆನ್ನಿಗಿದ್ದಾನೆ, ಇದು ಮುಚ್ಚಲು ಸಾಧ್ಯವೇ?

ಮುಚ್ಚಲಿಲ್ಲ. 2009ರ ಮಾರ್ಚ್ 27ರಂದು ಕಂಪನಿ ದಿವಾಳಿ ಕಾನೂನಿನ ಆಶ್ರಯ ಪಡೆಯಿತು. ಸಾಲ ಕೊಟ್ಟ ದೊಡ್ಡ ಫಂಡ್‌ಗಳ ಜೊತೆ ಮೊದಲೇ ಮಾತಾಗಿತ್ತು. ಸುಮಾರು 800 ಕೋಟಿ ಡಾಲರ್ ಸಾಲ ಇಳಿಯಿತು. ಬಾಂಡ್, ಅಂದರೆ ಕಂಪನಿಯ ಸಾಲಪತ್ರ, ಹಿಡಿದಿದ್ದ ಅಪೋಲೊ, ಓಕ್‌ಟ್ರೀ, ಕ್ರೆಸ್ಟ್‌ವ್ಯೂ ಮುಂತಾದವರು ಹೊಸ ಷೇರು ಪಡೆದು ಒಡೆಯರಾದರು. ನವೆಂಬರ್ 30ರಂದು ಕಂಪನಿ ಹೊರಬಂತು. ಹಳೆಯ ಷೇರುಗಳೆಲ್ಲ ರದ್ದು. ಮೂರು ಸೆಂಟಿಗೆ ಕೊಂಡವರಿಗೂ ಸೊನ್ನೆ, 19 ಡಾಲರಿಗೆ ಕೊಂಡವರಿಗೂ ಸೊನ್ನೆ. ಪಾಲ್ ಆಲೆನ್ ಕೂಡ ನೂರಾರು ಕೋಟಿ ಡಾಲರ್ ಕಳೆದುಕೊಂಡರು. ಆದರೆ ಅವರ ಸಹಕಾರವಿಲ್ಲದೆ ತೆರಿಗೆಯ ಅನುಕೂಲಗಳು ತಪ್ಪುವಂತಿದ್ದುದರಿಂದ ಒಪ್ಪಂದದಲ್ಲಿ ಅವರಿಗೆ ಸುಮಾರು 37.5 ಕೋಟಿ ಡಾಲರ್ ಸಂದಾಯವಾಯಿತು. ಸಣ್ಣ ಷೇರುದಾರರ ಸಹಕಾರ ಯಾರಿಗೂ ಬೇಕಿರಲಿಲ್ಲ.

ಮನೆಗಳಲ್ಲಿ ಟಿವಿ ಓಡುತ್ತಲೇ ಇತ್ತು. ಬಿಲ್ ಅದೇ ಹೆಸರಿನಲ್ಲಿ ಬರುತ್ತಿತ್ತು. ಹೊಸ ಷೇರು 2010ರಲ್ಲಿ ನಾಸ್‌ಡಾಕ್ ಷೇರುಪೇಟೆಗೆ ಮರಳಿತು. 2013ರಲ್ಲಿ ಮೇಲೆ ಹೇಳಿದ ಜಾನ್ ಮಲೋನ್ ಅವರ ಲಿಬರ್ಟಿ ಮೀಡಿಯಾ ಆ ಮೂರು ಫಂಡ್‌ಗಳಿಂದಲೇ ಸುಮಾರು ಶೇ 27 ಪಾಲನ್ನು 95.50 ಡಾಲರಿನಂತೆ ಕೊಂಡಿತು. 2021ರಲ್ಲಿ ಷೇರು 800 ಡಾಲರ್ ದಾಟಿತು. ಇಂದು ಮೊಬೈಲಿನಲ್ಲಿ ಚಾರ್ಟರ್‌ನ ಚಾರ್ಟ್ ತೆರೆದು ಎಷ್ಟು ಹಿಂದಕ್ಕೆ ಎಳೆದರೂ 2010ರ ಸುಮಾರಿಗೆ ನಿಲ್ಲುತ್ತದೆ. ಅದಕ್ಕಿಂತ ಮೊದಲು ಅದೇ ಹೆಸರಿನ ಷೇರಿಗೆ ದುಡ್ಡು ಹಾಕಿ ಕೈ ಖಾಲಿ ಮಾಡಿಕೊಂಡವರ ಗುರುತು ಆ ಗೆರೆಯಲ್ಲಿ ಇಲ್ಲ. ‘ದಿವಾಳಿಯಾಗಿದ್ದ ಕಂಪನಿ ನೋಡಿ, ಎಲ್ಲಿಗೆ ಹೋಯಿತು’ ಎಂದು ಈ ಚಾರ್ಟನ್ನು ತೋರಿಸುವವರು ಸುಳ್ಳು ಹೇಳುತ್ತಿಲ್ಲ. ಆ ಏಳಿಗೆಯಲ್ಲಿ ಪಾಲು ಯಾರದ್ದು ಎಂಬುದನ್ನು ಮಾತ್ರ ಹೇಳುತ್ತಿಲ್ಲ.

ನಮ್ಮ ಮಾತಿನಲ್ಲಿ ‘ಸಾಲಗಾರ’ ಎಂದರೆ ಸಾಲ ತಂದವನೂ ಹೌದು, ಬಾಗಿಲಿಗೆ ಬಂದು ನಿಂತ ಸಾಲ ಕೊಟ್ಟವನೂ ಹೌದು. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಆಪ್ಟಿಮಮ್ ಈಗ ಅಂಥದ್ದೇ ಸಂದರ್ಭದಲ್ಲಿದೆ. ಹೊರಗೆ ನಿಂತವರು ಯಾರು, ಒಳಗೆ ಕೂತ ಯಜಮಾನ ಯಾರು ಎಂಬುದೇ ಜಗಳ. ಸಾಲ ಕೊಟ್ಟ ದೊಡ್ಡ ಫಂಡ್‌ಗಳು 2024ರಲ್ಲಿ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡವು: ಕಂಪನಿ ನಮ್ಮಲ್ಲಿ ಒಬ್ಬರನ್ನು ಪಕ್ಕಕ್ಕೆ ಕರೆದು ಬೇರೆ ವ್ಯವಹಾರ ಕುದುರಿಸದಂತೆ ಎಲ್ಲರೂ ಒಗ್ಗಟ್ಟಾಗಿರೋಣ ಎಂದು. 2025ರ ನವೆಂಬರಿನಲ್ಲಿ ಕಂಪನಿ ಇದನ್ನೇ ಪೈಪೋಟಿ ಕಾನೂನಿನ ಉಲ್ಲಂಘನೆ ಎಂದು ಅವರ ಮೇಲೆ ನ್ಯೂಯಾರ್ಕಿನ ಕೋರ್ಟಿಗೆ ಹೋಯಿತು. ಸಾಲ ತಂದವರು ಕೊಟ್ಟವರ ಮೇಲೆ, ನೀವೆಲ್ಲ ಒಟ್ಟಾಗಿದ್ದೀರಿ ಎಂದು ದೂರು ಕೊಡುವುದನ್ನು ನಾನು ಕಂಡಿದ್ದು ಕಡಿಮೆ.

ಅದಕ್ಕೂ ಮುಂಚೆ, ಜುಲೈನಲ್ಲಿ, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಮತ್ತು ಬ್ರೂಕ್ಲಿನ್‌ನ ಕೇಬಲ್ ಜಾಲವನ್ನೂ ಅದರಿಂದ ಬರುವ ಬಿಲ್ಲಿನ ದುಡ್ಡನ್ನೂ ಬೇರೆ ಮಾಡಿ, ಅದರ ಆಧಾರದ ಮೇಲೆ 100 ಕೋಟಿ ಡಾಲರ್ ಹೊಸ ಸಾಲ ಎತ್ತಿದ್ದರು. ಮನೆ ಅಡವಿಟ್ಟ ಮೇಲೆ ಹಿತ್ತಿಲನ್ನು ಬೇರೆ ಪತ್ರ ಮಾಡಿಸಿ ಅಡ ಇಟ್ಟ ಹಾಗೆ. ಕಂಪನಿಗೆ ಇದರಿಂದ ಉಸಿರಾಡಲು ಒಂದಿಷ್ಟು ಸಮಯ ಸಿಗುತ್ತದೆ. ಷೇರಿನವನಿಗೆ ಮಾತ್ರ ಸರತಿಯಲ್ಲಿ ಮುಂದೆ ಇನ್ನೊಬ್ಬ ಬಂದು ನಿಂತ. ಡ್ರಾಹಿಯವರ ಫ್ರಾನ್ಸಿನ ಕಂಪನಿ, ಆಲ್ಟೀಸ್ ಫ್ರಾನ್ಸ್, 2025ರಲ್ಲೇ ಈ ದಾರಿಯ ಕೊನೆ ಮುಟ್ಟಿದೆ. ಸಾಲ 2,400 ಕೋಟಿ ಯೂರೊದಿಂದ 1,550 ಕೋಟಿಗೆ ಇಳಿಯಿತು, ಬದಲಿಗೆ ಶೇ 45 ಒಡೆತನ ಸಾಲ ಕೊಟ್ಟವರ ಪಾಲಾಯಿತು.

ಹಾಗಾದರೆ ಇಂಥ ಷೇರಿನಲ್ಲಿ ಯಾರೂ ದುಡ್ಡು ಮಾಡಿಲ್ಲವೇ? ಮಾಡಿದ್ದಾರೆ. ಕಷ್ಟ ಇರುವುದೇ ಅಲ್ಲಿ. ಬಾಡಿಗೆ ಕಾರಿನ ಹರ್ಟ್ಸ್ 2020ರ ಮೇ ತಿಂಗಳಲ್ಲಿ ದಿವಾಳಿ ಕೋರ್ಟಿಗೆ ಹೋದ ಮೇಲೂ ಜನ ಷೇರು ಕೊಂಡರು, ಪಂಡಿತರು ನಕ್ಕರು. ಮರುವರ್ಷ ಹಳೆ ಕಾರಿನ ರೇಟು ಏರಿ, ಪ್ರವಾಸ ಮತ್ತೆ ಶುರುವಾಗಿ, ಕಂಪನಿ ಕೊಳ್ಳಲು ಇಬ್ಬಿಬ್ಬರು ಹರಾಜು ಕೂಗಿದರು. ಷೇರುದಾರರಿಗೂ ದುಡ್ಡು ಬಂತು. ನಮ್ಮಲ್ಲಿ ಅಡುಗೆ ಎಣ್ಣೆಯ ರುಚಿ ಸೋಯಾ. ಪತಂಜಲಿ ಅದನ್ನು ದಿವಾಳಿ ಪ್ರಕ್ರಿಯೆಯಲ್ಲಿ ಕೊಂಡಾಗ ಹಳೆಯ ನೂರು ಷೇರು ಒಂದಾಯಿತು. 2020ರ ಜನವರಿಯಲ್ಲಿ ಸುಮಾರು 17 ರೂಪಾಯಿಗೆ ಮತ್ತೆ ವಹಿವಾಟು ಶುರುವಾದದ್ದು ಜೂನ್ ಹೊತ್ತಿಗೆ 1,500 ದಾಟಿತು. ಶೇ 99ರಷ್ಟು ಷೇರು ಪ್ರವರ್ತಕರ ಕೈಯಲ್ಲೇ ಇದ್ದು ಪೇಟೆಯಲ್ಲಿ ಓಡಾಡಲು ಚಿಲ್ಲರೆಯಷ್ಟೇ ಉಳಿದಿದ್ದರಿಂದ ದಿನಾ ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಏರಬಹುದಾದ ಮಿತಿ ಮುಟ್ಟಿ ನಿಲ್ಲುವುದು. ಟೆಲಿಗ್ರಾಂ ಗುಂಪುಗಳಲ್ಲಿ ಇಂದಿಗೂ ಈ ಕತೆ ಹರಿಕಥೆಯ ಹಾಗೆ ಓಡಾಡುತ್ತದೆ, ನೂರು ಒಂದಾದ ಅಧ್ಯಾಯ ಬಿಟ್ಟು. ಗೃಹಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್ ಕಂಪನಿಯ ಕತೆಯನ್ನು ಅಲ್ಲಿ ಯಾರೂ ಹೇಳುವುದಿಲ್ಲ. 2021ರ ಜೂನ್‌ನಲ್ಲಿ ಅದನ್ನು ಕೊಳ್ಳುವ ಪಿರಾಮಲ್ ಸಮೂಹದ ಯೋಜನೆಗೆ ಎನ್‌ಸಿಎಲ್‌ಟಿ (ದಿವಾಳಿ ಪ್ರಕರಣ ನೋಡುವ ಕಂಪನಿ ನ್ಯಾಯಮಂಡಳಿ) ಒಪ್ಪಿಗೆ ಸಿಕ್ಕಿತು ಎಂದೊಡನೆ ಷೇರು ಅಪ್ಪರ್ ಸರ್ಕ್ಯೂಟ್ ಮುಟ್ಟಿತು. ಅದೇ ಯೋಜನೆಯಲ್ಲಿ ಹಳೆಯ ಷೇರಿನ ಬೆಲೆ ಸೊನ್ನೆ ಎಂದಿತ್ತು. ಒಂದೇ ವಾರದಲ್ಲಿ ವಹಿವಾಟು ನಿಂತಿತು. ಕೊಂಡವರು ಸುದ್ದಿಯ ತಲೆಬರಹ ಓದಿದ್ದರು.

ನಮ್ಮ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಒಂದು ಸರತಿ. ಪ್ರಕ್ರಿಯೆಯ ಖರ್ಚು, ಕಾರ್ಮಿಕರ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕುಗಳು, ಉಳಿದ ನೌಕರರು, ಅಡಮಾನವಿಲ್ಲದ ಸಾಲ, ಸರ್ಕಾರದ ಬಾಕಿ, ಹೀಗೆ ಸಾಗಿ ಕಟ್ಟಕಡೆಗೆ ಈಕ್ವಿಟಿ ಷೇರುದಾರ. ಮದುವೆಮನೆಯ ಕೊನೆ ಪಂಕ್ತಿ. ಹೋಳಿಗೆ ಇರಲಿ, ಸಾರೂ ಉಳಿದಿರುತ್ತದೆ ಎಂದು ಹೇಳಲಾಗುವುದಿಲ್ಲ.

ನಮ್ಮ ಕೇಬಲ್ ಧಂದೆಯಲ್ಲೇ ಉದಾಹರಣೆ ಬೇಕಾದರೆ ಸಿಟಿ ನೆಟ್‌ವರ್ಕ್ಸ್ ಇದೆ. ಎಸ್ಸೆಲ್ ಸಮೂಹದ್ದು, ಸಿಟಿ ಕೇಬಲ್ ಎಂದೇ ಜನಕ್ಕೆ ಪರಿಚಯ. ಇಂಡಸ್‌ಇಂಡ್ ಬ್ಯಾಂಕಿನ ಅರ್ಜಿಯ ಮೇಲೆ 2023ರ ಫೆಬ್ರುವರಿಯಲ್ಲಿ ಎನ್‌ಸಿಎಲ್‌ಟಿ ಮುಂಬೈ ಪೀಠ ದಿವಾಳಿ ಪ್ರಕ್ರಿಯೆಗೆ ಸೇರಿಸಿತು. ಒಂದು ಕಾಲಕ್ಕೆ ಎರಡಂಕಿಯಲ್ಲಿದ್ದ ಷೇರು ಒಂದು ರೂಪಾಯಿಗಿಂತ ಕೆಳಗೆ ಹೋಯಿತು, ಅಲ್ಲಿಯೂ ವಹಿವಾಟು ನಡೆಯಿತು. ಇದೇ ಧಂದೆಯ ಹ್ಯಾಥ್‌ವೇ ಮತ್ತು ಡೆನ್ ಕಂಪನಿಗಳಿಗೆ 2018ರಲ್ಲಿ ರಿಲಯನ್ಸ್ ಬಂದು ಬಹುಪಾಲು ಕೊಂಡಿತು. ‘ಅವರನ್ನು ಯಾರೋ ಕೊಂಡರಲ್ಲ, ಇವರನ್ನೂ ಕೊಳ್ಳುತ್ತಾರೆ’ ಎಂಬ ಆಸೆಗೆ ಅದೇ ಬೀಜ. ಕೊಳ್ಳುವವನಿಗೆ ದಿವಾಳಿ ಕೋರ್ಟಿನಲ್ಲಿ ತಂತಿಯೂ ಗ್ರಾಹಕರೂ ಅಗ್ಗಕ್ಕೆ ಸಿಗುವಾಗ, ಹಳೆಯ ಷೇರಿಗೆ ಯಾಕೆ ದುಡ್ಡು ಕೊಡಬೇಕು ಎಂಬ ಪ್ರಶ್ನೆ ಆ ಆಸೆಯಲ್ಲಿ ಏಳುವುದಿಲ್ಲ.

ನಮ್ಮ ಬೀದಿಗೆ ಕೇಬಲ್ ಕೊಡುವವನು ಹದಿನೈದು ವರ್ಷದಿಂದ ಒಬ್ಬನೇ. ಮೊದಲು ಕಾರ್ಡಿನಲ್ಲಿ ತಿಂಗಳಿಗೊಂದು ಟಿಕ್ ಹಾಕಿ ದುಡ್ಡು ಇಸಿದುಕೊಳ್ಳುತ್ತಿದ್ದ, ಈಗ ಫೋನ್‌ಪೇ. ಅಷ್ಟರಲ್ಲಿ ಡಬ್ಬದ ಮೇಲಿನ ಕಂಪನಿ ಹೆಸರು ಮೂರು ಸಲ ಬದಲಾಗಿದೆ. ಹೊಂಗೆ ಮರದ ಕೊಂಬೆಗೆ ಸುತ್ತಿ ನಮ್ಮ ತಾರಸಿಗೆ ಬರುವ ಕಪ್ಪು ವೈರು ಮಾತ್ರ ಅದೇ.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಬಿದ್ದವನೇ. ಕಂಪನಿಯ ಹೆಸರು ಬೇಡ. ಸುಮಾರು ವರ್ಷದ ಹಿಂದೆ 1 ರೂಪಾಯಿ 20 ಪೈಸೆಗೆ ಐದು ಸಾವಿರ ಷೇರು. ಆರು ಸಾವಿರ ರೂಪಾಯಿಗೆ ಐದು ಸಾವಿರ ಷೇರಿನ ಒಡೆಯ ಎನ್ನುವುದೇ ಒಂದು ಸುಖ. ಇನ್ನೆಷ್ಟು ಇಳಿದೀತು ಎಂಬ ಧೈರ್ಯ. 35 ರೂಪಾಯಿಯಿಂದ 1.20ಕ್ಕೆ ಬಂದ ಷೇರು ಅಲ್ಲಿಂದಲೂ ನೂರಕ್ಕೆ ನೂರು ಇಳಿಯಬಹುದು ಎಂದು ಶಾಲೆಯ ಗಣಿತಕ್ಕೆ ಗೊತ್ತಿತ್ತು, ನನಗೆ ಹೊಳೆಯಲಿಲ್ಲ. ಕೆಟ್ಟ ಸುದ್ದಿ ಬಂದ ದಿನ 1.15ಕ್ಕೆ ಲೋವರ್ ಸರ್ಕ್ಯೂಟ್. ಮರುದಿನ 1.10. ಬೆಳಿಗ್ಗೆ ಒಂಬತ್ತೂಕಾಲಿಗೆ ಆ್ಯಪ್ ತೆರೆದರೆ ಬಲಗಡೆ, ಮಾರುವವರ ಸಾಲಿನಲ್ಲಿ, ನಲವತ್ತು ಲಕ್ಷ ಷೇರು. ಎಡಗಡೆ ಕೊಳ್ಳುವವರ ಕಡೆ ಬರೀ ಸೊನ್ನೆಗಳು. ಆರ್ಡರ್ ಹಾಕಿದೆ, ನಲವತ್ತು ಲಕ್ಷದ ಹಿಂದೆ ನಿಂತೆ, ಮೂರೂವರೆಗೆ ಆರ್ಡರ್ ತಾನೇ ರದ್ದಾಯಿತು. ಮಾರನೇ ದಿನ 1.05. ಪರದೆಯ ಮೇಲೆ ತೋರಿಸುವ ಬೆಲೆ ನನಗೆ ಸಿಗುವ ಬೆಲೆಯಲ್ಲ ಎಂದು ತಿಳಿದದ್ದು ಆ ವಾರ. ಎಕ್ಸ್‌ಚೇಂಜಿನವರು ಇಂಥವಕ್ಕೆ ಎಎಸ್‌ಎಂ, ಜಿಎಸ್‌ಎಂ ಎಂದು ನಿಗಾ ಇಡುತ್ತಾರೆ, ವಾರಕ್ಕೊಂದೇ ದಿನ ವಹಿವಾಟು ಎನ್ನುವ ಹಂತವೂ ಇದೆ. ಆ್ಯಪಿನಲ್ಲಿ ಷೇರಿನ ಪಕ್ಕ ಬರುವ ಆ ಸಣ್ಣ ತ್ರಿಕೋನವನ್ನು ನಾನು ಅಲಂಕಾರ ಎಂದುಕೊಂಡಿದ್ದೆ.

ಮುಂದಿನ ಭಾನುವಾರ ಭಾವನಿಗೆ ಇದನ್ನೆಲ್ಲ ಹೇಳಲಿಲ್ಲ. ಒಂದೇ ಕೆಲಸ ಕೊಟ್ಟೆ: ಷೇರಿನ ಚಾರ್ಟ್ ಬಿಡಿ, ಇದೇ ಕಂಪನಿಯ ಬಾಂಡುಗಳ ರೇಟು ನೋಡಿ. ಬ್ರೋಕರ್ ಆ್ಯಪಿನಲ್ಲಿ ಕಾಣದಿದ್ದರೆ ಅಲ್ಲಿನ ಬ್ರೋಕರ್‌ಗಳ ಮೇಲೆ ಕಣ್ಣಿಡುವ ಫಿನ್ರಾ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಡಮಾನವಿಲ್ಲದ ಬಾಂಡುಗಳು ನೂರರ ಮುಖಬೆಲೆಗಿಂತ ಬಹಳ ಕೆಳಗೆ ಮಾರಾಟವಾಗುತ್ತಿದ್ದರೆ, ಸರತಿಯಲ್ಲಿ ನಿಮಗಿಂತ ಮುಂದೆ ನಿಂತವರಿಗೇ ಪೂರ್ತಿ ದುಡ್ಡು ಬರುವ ನಂಬಿಕೆ ಇಲ್ಲ ಎಂದರ್ಥ. ಅವರಿಗೆ ಪೂರ್ತಿ ಸಿಗುವವರೆಗೆ ನಿಮಗೆ ಒಂದು ಸೆಂಟೂ ಇಲ್ಲ.

ಹತ್ತು ನಿಮಿಷ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು. ರೇಟು ನೋಡಿದ್ದರು, ದನಿ ಸಣ್ಣಗಾಗಿತ್ತು. ‘ಹೌದಯ್ಯಾ, ನೀ ಹೇಳಿದ ಹಾಗೇ ಇದೆ’ ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಮಿಕ್ಸಿ ತಿರುಗುವ ಸದ್ದು.

‘ಹಾಗಾದ್ರೆ ಷೇರು ಬಿಟ್ಟು ಈ ಬಾಂಡೇ ತಗೊಂಡ್ರೆ?’

2009ರಲ್ಲಿ ಅಪೋಲೊದವರು ಕೇಳಿಕೊಂಡ ಪ್ರಶ್ನೆಯೂ ಅದೇ. ವ್ಯತ್ಯಾಸ ಏನೆಂದರೆ ಅವರ ಹತ್ತಿರ ನೂರಾರು ಕೋಟಿ ಡಾಲರೂ ಒಂದು ಕಟ್ಟಡದ ತುಂಬ ವಕೀಲರೂ ಇದ್ದರು. ‘ಅಕ್ಕನ್ನ ಕೇಳಿ ಭಾವ’ ಅಂದೆ.